ಇಳಿಜಾರಿನ ಪಾಲು

ನಮ್ಮ ಮನೆಯಲ್ಲಿ ಎರಡು ಒಲೆ ಉರಿಯತೊಡಗಿದ್ದು ಒಂದು ನಕಾಶೆಯ ದೆಸೆಯಿಂದ. ಹೀಗೆಂದರೆ ಕೇಳಿದವರು ನಗುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರು ಎಂದರೆ ಹೆಂಗಸರ ಬಾಯಿ, ಗಂಡಸರ ಕುಡಿತ ಎಂದು ತಾವೇ ಕಾರಣ ಹುಡುಕಿಕೊಂಡು ತಲೆಯಾಡಿಸುವ ಜನ, ಕಾಗದದ ಮೇಲಿನ ನಾಲ್ಕು ಗೆರೆಯನ್ನು ಕಾರಣವೆಂದು ಒಪ್ಪುವುದಿಲ್ಲ. ನಾನು ಆ ಮನೆಯಲ್ಲಿ ಬೆಳೆದವಳು. ಆಮೇಲೆ ಹೊಸಪೇಟೆಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಲೇ ವಯಸ್ಸು ಕಳೆದವಳು. ನಕಾಶೆ ಇಟ್ಟುಕೊಂಡೇ ಅನ್ನ ತಿಂದಿದ್ದೇನೆ, ಆದರೂ ನಕಾಶೆಯನ್ನು ಪೂರ್ತಿ ನಂಬಿದವಳಲ್ಲ. ಈಗಲೂ ಒಮ್ಮೊಮ್ಮೆ ಮೊಬೈಲು ತೆಗೆದು ಬಂಡ್ರಿಯ ಹಿಂದಿನ ನಮ್ಮ ಗುಡ್ಡವನ್ನು ಹುಡುಕುತ್ತೇನೆ. ಸಿಗುತ್ತದೆ, ಹಸಿರು ಬಣ್ಣದ ಒಂದು ಚಪ್ಪಟೆ ತೇಪೆಯಾಗಿ. ಹತ್ತಿದರೆ ತೊಡೆ ಸೋಲುವ ಗುಡ್ಡ ಅದು. ಬೆರಳಲ್ಲಿ ಎಳೆದು ದೊಡ್ಡದು ಮಾಡುತ್ತೇನೆ, ಚಿಕ್ಕದು ಮಾಡುತ್ತೇನೆ. ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಗುಮಾನಿ ಮಾತ್ರ ಹೋಗುವುದಿಲ್ಲ. ಆ ಗುಮಾನಿ ನನಗೆ ತವರಿನಿಂದ ಬಂದದ್ದು.

ತವರು ಎಂದರೆ ಬಂಡ್ರಿಯ ಮಾಳಿಗೆ ಮನೆ. ಹೊರಗೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಪಡಸಾಲೆಯ ಒಂದು ತುದಿಗೆ ಅಡುಗೆಮನೆ, ಇನ್ನೊಂದು ತುದಿಗೆ ನೇಗಿಲು, ಕುಂಟೆ, ಗೋಣಿಚೀಲ ಇಡುವ ಕತ್ತಲೆ ಕೋಣೆ. ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ನಾನು, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ. ದೊಡ್ಡಪ್ಪನ ಒಬ್ಬನೇ ಮಗ ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಮನೆಗೆ ಮಗು ಎಂದು ಇದ್ದವಳು ನಾನೊಬ್ಬಳೇ. ದೊಡ್ಡಪ್ಪ ಹೊಲ ನೋಡುತ್ತಿದ್ದ. ಅಪ್ಪ ಯಶವಂತನಗರದ ಕಡೆಯ ಗಣಿಗೆ ಕೆಲಸದವರನ್ನು ಕರೆದೊಯ್ಯುವ ಕಂಪನಿ ಬಸ್ಸಿನ ಡ್ರೈವರು. ಸಂಜೆ ಅವನು ಬಾಗಿಲಿಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಅದಿರಿನ ಕೆಂಪು. ಬಚ್ಚಲಲ್ಲಿ ಕೆಂಪು ನೀರು ಹರಿದು ತಿಳಿಯಾಗುವ ತನಕ ಅವನ ಹತ್ತಿರ ಯಾರೂ ಮಾತಿಗೆ ಹೋಗುತ್ತಿರಲಿಲ್ಲ. ತಿಳಿಯಾದ ಮೇಲೂ ಹುಷಾರಾಗಿಯೇ ಹೋಗಬೇಕಿತ್ತು, ಯಾಕೆಂದರೆ ಅಪ್ಪನಿಗೆ ಯಾವ ಮಾತೂ ಆಡಿದಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಹಾಲಿನವನು ನಗುತ್ತಾ ಹಾಲು ಹಾಕಿದರೆ ಇವತ್ತು ನೀರು ಜಾಸ್ತಿ ಸೇರಿಸಿದ್ದಾನೆ ಎನ್ನುತ್ತಿದ್ದ. ಮುಖ ಗಂಟಿಕ್ಕಿಕೊಂಡು ಹಾಕಿದರೆ ಸಿಕ್ಕಿಬೀಳುವ ಭಯ ಎನ್ನುತ್ತಿದ್ದ. ಜ್ವರಕ್ಕೆ ಡಾಕ್ಟರು ಕೆಂಪು ಮಾತ್ರೆ ಕೊಟ್ಟರೆ ಹೋದ ಸಲ ಬಿಳಿಯದು ಯಾಕೆ ಕೊಟ್ಟಿದ್ದ ಎಂದು ಕೇಳುತ್ತಿದ್ದ. ಅವ್ವ ಮದುವೆಯಾಗಿ ಬಂದಾಗ ಹೀಗಿರಲಿಲ್ಲವಂತೆ, ಗಂಡನ ಜೊತೆ ಇದ್ದು ಕಲಿತಳು. ಬೇರೆಯವರ ಮನೆಯಲ್ಲಿ ಉಪ್ಪಿನಕಾಯಿ ಇದ್ದಂತೆ ನಮ್ಮ ಮನೆಯಲ್ಲಿ ಅನುಮಾನ, ಪ್ರತಿ ಊಟಕ್ಕೂ ಒಂದಿಷ್ಟು.

ಈ ಮನೆಯಲ್ಲಿ ದೊಡ್ಡವ್ವ ಒಬ್ಬಳು ಬೇರೆ ಮಣ್ಣಿನವಳು. ಅವಳು ಯಾರನ್ನೂ ಯಾವುದಕ್ಕೂ ಅನುಮಾನಿಸುತ್ತಿರಲಿಲ್ಲ. ಶಾಲೆಗೆ ಹಾವು ಬಂದಿದೆ, ಅದಕ್ಕೇ ಬೇಗ ಬಿಟ್ಟರು ಎಂದು ನಾನು ಹೇಳಿದರೆ ಅವಳು ಎರಡೂ ಕೈಯಿಂದ ನನ್ನ ದೃಷ್ಟಿಗೆ ನೆಟಿಗೆ ಮುರಿದು, ಕಾಲು ನೋಡಿ, ಒಲೆಯ ಮುಂದೆ ಕೂರಿಸಿಕೊಂಡು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಡುತ್ತಿದ್ದಳು. ಅವ್ವನಾಗಿದ್ದರೆ ಯಾವ ಹಾವು, ಯಾರು ನೋಡಿದರು, ನಿನ್ನ ಜೊತೆಯ ಹುಡುಗಿ ಯಾಕೆ ಇನ್ನೂ ಬಂದಿಲ್ಲ ಎಂದು ಮೂಲ ಹಿಡಿದು ಎಳೆಯುತ್ತಿದ್ದಳು. ಆಡಿದ ಮಾತನ್ನು ಹಾಗೇ ನಂಬುವವರ ಪಕ್ಕದಲ್ಲಿ ಕೂರುವುದು ಎಂಥ ಸುಖ ಎಂದು ಅದನ್ನು ಕಳೆದುಕೊಂಡವರಿಗೇ ಗೊತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ದೊಡ್ಡವ್ವನಿಗೆ ಸುಳ್ಳು ಹೇಳಲು ಬರಬರುತ್ತಾ ನನಗೆ ಮನಸ್ಸೇ ಆಗುತ್ತಿರಲಿಲ್ಲ. ಅವಳ ಒಲೆಯ ಮುಂದಿನ ಆ ಜಾಗ ನನ್ನದು ಎಂದೇ ಮನೆಯವರೆಲ್ಲ ತಿಳಿದಿದ್ದರು. ಅವ್ವನಿಗೆ ಅದರ ಬಗ್ಗೆಯೂ ಸಣ್ಣ ಗುಮಾನಿ ಇತ್ತು, ಆದರೆ ಅದನ್ನು ಪಾತ್ರೆಯ ಸದ್ದಿನಲ್ಲಿ ಮುಗಿಸುತ್ತಿದ್ದಳು.

ಪಡಸಾಲೆಯ ಗೋಡೆಗೆ ಮಳೆಗಾಲದಲ್ಲಿ ನೀರು ಇಳಿದು ಒಂದು ದೊಡ್ಡ ಕಲೆಯಾಗಿತ್ತು. ಕಂಪನಿಯ ಆಫೀಸಿಗೆ ಸುಣ್ಣ ಹೊಡೆಸುವಾಗ ಕಿತ್ತು ಹಾಕಿದ ಪ್ರಪಂಚದ ನಕಾಶೆಯೊಂದನ್ನು ಅಪ್ಪ ಸುತ್ತಿಕೊಂಡು ತಂದು ಆ ಕಲೆಯ ಮೇಲೆ ಮೊಳೆ ಹೊಡೆದ. ನಾವೆಲ್ಲ ಅದರ ಕೆಳಗೇ ಕೂತು ಉಣ್ಣುತ್ತಿದ್ದೆವು. ಮೇಲ್ಗಡೆ ಗ್ರೀನ್‌ಲ್ಯಾಂಡ್ ಎಂಬ ಬಿಳಿಯ ದೇಶ, ಆಫ್ರಿಕಾದಷ್ಟೇ ಅಗಲಕ್ಕೆ ಚಾಚಿಕೊಂಡಿತ್ತು. ನಮ್ಮ ಭಾರತ ಅದರ ಮುಂದೆ ಒಂದು ಸಣ್ಣ ಮೂಲೆ. ಅಪ್ಪ ತುತ್ತು ಎತ್ತುವಾಗ ಅದನ್ನೇ ದಿಟ್ಟಿಸುತ್ತಿದ್ದ.

"ಇಷ್ಟು ದೊಡ್ಡ ದೇಶ ಐತಿ. ಅಲ್ಲಿಂದ ಒಂದು ಸುದ್ದಿ ಇಲ್ಲ, ಒಬ್ಬ ಮನಷ್ಯಾ ಬಂದದ್ದಿಲ್ಲ. ಏನೋ ಐತಿ ಅಲ್ಲಿ."

ದೊಡ್ಡವ್ವನದು ಬೇರೆಯೇ ಕೇಳಿಕೆ.

"ನೀಲಿ, ನಮ್ಮ ಬಂಡ್ರಿ ಎಲ್ಲೈತಿ ತೋರಸು."

ನಾನು ಭಾರತದ ಹೊಟ್ಟೆಯ ಕೆಳಗೆ ಎಲ್ಲೋ ಬೆರಳಿಡುತ್ತಿದ್ದೆ. ಅವಳು ಆ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಪ್ಪ ನಗುತ್ತಿದ್ದ, ನಾನೂ ನಗುತ್ತಿದ್ದೆ, ಅವಳೂ ನಮ್ಮ ಜೊತೆ ನಗುತ್ತಿದ್ದಳು.

ಇನ್ನು ಹೊಲದ ವಿಷಯ. ತಾತ ಹೋದ ಮೇಲೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಿದ್ದರು, ಮನೆ ಮಾತ್ರ ಒಂದೇ ಇತ್ತು. ನಮ್ಮ ಕಡೆ ಪಾಲು ಮಾಡುವ ರೀತಿ ಹೀಗೆ: ಪುಂಡಿನಾರಿನ ಹೊಸ ಹಗ್ಗ ಹೊಸೆದು, ಸ್ನಾನ ಮಾಡಿ, ಹಗ್ಗಕ್ಕೆ ಅರಿಶಿನ ಹಚ್ಚಿ, ಒಂದು ತುದಿ ಅಣ್ಣ ಇನ್ನೊಂದು ತುದಿ ತಮ್ಮ ಹಿಡಿದು ನೆಲದ ಮೇಲೆ ಹಾಸುತ್ತಾ ಅಳೆಯಬೇಕು. ಅಣ್ಣ ಪಾಲು ಮಾಡಬೇಕು, ತಮ್ಮ ಆರಿಸಿಕೊಳ್ಳಬೇಕು. ಹೀಗಿದ್ದರೆ ಅಣ್ಣನಿಗೆ ಮೋಸ ಮಾಡಲು ದಾರಿ ಇಲ್ಲ ಎಂಬುದು ಹಿರಿಯರ ಲೆಕ್ಕಾಚಾರ. ನಮ್ಮ ಹೊಲದ ಅರ್ಧ ಗುಡ್ಡದ ಬುಡದಲ್ಲಿ ಮಟ್ಟಸವಾಗಿ ಇತ್ತು, ಇನ್ನರ್ಧ ಗುಡ್ಡದ ಮೈಮೇಲೆ ಕಡಿದಾಗಿ ಹತ್ತುತ್ತಿತ್ತು. ದೊಡ್ಡಪ್ಪ ಎರಡನ್ನೂ ಒಂದೇ ಹಗ್ಗದಿಂದ ಸಮಸಮ ಅಳೆದು, ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ.

"ಕೆಳಗಿನ ಹೊಲ ನೀ ತಗೋ ತಮ್ಮಾ. ಎರಿಮಣ್ಣು, ಮಟ್ಟಸ ಐತಿ. ಬಸ್ಸು ಬಿಟ್ಟು ಬಂದು ನೋಡ್ಕಳ್ಳಾಕ ಸಸಾರ ಆಕ್ಕತಿ."

ಅಪ್ಪನಿಗೆ ಅಷ್ಟೇ ಸಾಕಾಯಿತು. ಇಷ್ಟು ಒಳ್ಳೆಯ ಹೊಲವನ್ನು ಇವನು ಯಾಕೆ ನನ್ನ ಕೈಗೆ ತುರುಕುತ್ತಿದ್ದಾನೆ? ಗುಡ್ಡದ ಕೆಳಗೆ ಅದಿರು ಇದೆ ಎಂದು ಇವನಿಗೆ ಯಾರೋ ಹೇಳಿರಬೇಕು. ಹೀಗೆ ಯೋಚಿಸಿ ಅಪ್ಪ ಇಳಿಜಾರಿನ ಪಾಲನ್ನು ಆರಿಸಿಕೊಂಡ. ಗುಡ್ಡದಲ್ಲಿ ಅದಿರೂ ಇರಲಿಲ್ಲ, ಎಂಥದೂ ಇರಲಿಲ್ಲ. ಸೀತಾಫಲದ ಪೊದೆ, ಹುರುಳಿ ಬಿತ್ತುವಷ್ಟು ಕೆಮ್ಮಣ್ಣು, ಅಷ್ಟೇ. ಎರಡು ಪಾಲಿನ ನಡುವೆ ದೊಡ್ಡಪ್ಪ ಮಾರನೆಯ ದಿನ ಗಡಿಕಲ್ಲು ಹುಗಿದ. ಅಪ್ಪ ಆವತ್ತು ಡ್ಯೂಟಿಗೆ ಹೋಗಿದ್ದ.

ಕೆಲವು ವರ್ಷದ ಮೇಲೆ ಅಪ್ಪನಿಗೆ ಬಾಯಿಮಾತಿನ ಪಾಲು ಸಾಲದು ಅನ್ನಿಸಿ, ಇಬ್ಬರ ಹೊಲವನ್ನೂ ದಾಖಲೆಯಲ್ಲಿ ಬೇರೆ ಮಾಡಿಸುವ ಪೋಡಿಗೆ ಅರ್ಜಿ ಹಾಕಿದ. ಸರ್ವೆಯವರು ಸರಪಳಿ ಹಿಡಿದು ಬಂದರು. ಆಗಲೂ ಅಪ್ಪ ಡ್ಯೂಟಿಯ ಮೇಲಿದ್ದ. ದೊಡ್ಡಪ್ಪನ ಜೊತೆ ನಾನು ಹೋಗಿದ್ದೆ. ಕೆಳಗಿನ ಹೊಲದಲ್ಲಿ ಅವರು ಸರಪಳಿಯನ್ನು ನೆಲದ ಮೇಲೆ ಎಳೆದರು. ಗುಡ್ಡದ ಮೇಲೆ ಹಾಗೆ ಎಳೆಯಲಿಲ್ಲ. ಕೆಳಗೆ ನಿಂತವನು ಸರಪಳಿಯ ತುದಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬಿಗಿದು, ತುದಿಯಿಂದ ಗುಂಡುಕಟ್ಟಿದ ದಾರ ಇಳಿಬಿಟ್ಟು ಅದು ಮುಟ್ಟಿದಲ್ಲಿ ಗುರುತು ಮಾಡುತ್ತಿದ್ದ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಳೆದರು. ನೆಲದಲ್ಲಿ ಹಾಸುವುದು ಬಿಟ್ಟು ಗಾಳಿಯಲ್ಲಿ ಯಾಕೆ ಹಿಡಿಯುತ್ತಾರೆ ಎಂದು ನನಗೆ ಸೋಜಿಗವಾಗಿತ್ತು, ಆದರೆ ಕೇಳಲಿಲ್ಲ.

ಸರ್ವೆಯ ನಕಾಶೆ ಕೈಗೆ ಬಂದ ದಿನ ಅಪ್ಪ ಅದನ್ನು ಪಡಸಾಲೆಯಲ್ಲಿ ಹರಡಿ, ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಕೂತ. ದೊಡ್ಡಪ್ಪನ ಹೊಲದ ಉದ್ದಕ್ಕೆ ಕಡ್ಡಿ ಇಟ್ಟು ಮುರಿದ. ಅದೇ ಕಡ್ಡಿಯನ್ನು ನಮ್ಮ ಹೊಲದ ಮೇಲೆ ಇಟ್ಟ. ಕಡ್ಡಿ ಗೆರೆಯ ಆಚೆಗೆ ಚಾಚಿತು. ಕಾಗದದಲ್ಲಿ ಅಷ್ಟೆಂದರೆ ನೆಲದಲ್ಲಿ ರಾಶಿ ಮಾಡುವ ಕಣದಷ್ಟು ಜಾಗವಾದರೂ ಆಗುತ್ತದೆ ಎಂದು ಲೆಕ್ಕ ಹಾಕಿದ. ದೊಡ್ಡಪ್ಪ ಎದುರಿಗೇ ಉಣ್ಣುತ್ತಿದ್ದ.

"ಅಣ್ಣಾ, ಈ ಕಡ್ಡಿ ನಿನ್ನ ಹೊಲದಾಗ ಸರಿಯಾಗಿ ಕುಂದರ್ತತಿ. ನನ್ನ ಹೊಲದಾಗ ಯಾಕ ಹೊರಗ ಬರ್ತತಿ?"

"ನನಗೇನು ಗೊತ್ತಪ್ಪಾ. ಹಗ್ಗ ಹಿಡಿದಾಗ ಇಬ್ರೂ ಇದ್ವೆಲ್ಲ."

"ಹಗ್ಗ ಹಿಡಿದಾಗ ಇದ್ವಿ. ಕಲ್ಲು ಹುಗಿಯೋವಾಗ ನೀ ಒಬ್ನ ಇದ್ದಿ."

"ಕಲ್ಲು ನಾ ಸರಿಸೀನಿ ಅಂತೀಯೇನು?"

"ನಾ ಏನೂ ಅಂದಿಲ್ಲ. ನಕಾಶಿ ಅಂತತಿ."

ದೊಡ್ಡಪ್ಪ ಅರ್ಧ ಉಂಡ ತಾಟಿನಲ್ಲಿ ಕೈ ತೊಳೆದು ಎದ್ದ. ನಮ್ಮಲ್ಲಿ ತಾಟಿನಲ್ಲಿ ಅನ್ನ ಇರುವಾಗ ಕೈ ತೊಳೆಯುವವರಿಲ್ಲ. ಅಪ್ಪ ಅದನ್ನು ನೋಡಿ, ತಪ್ಪು ಮಾಡಿದವನೇ ಹೀಗೆ ಏಳುವುದು ಎಂದು ಅವ್ವನಿಗೆ ಹೇಳಿದ. ದೊಡ್ಡಪ್ಪ ಕೂತೇ ಇದ್ದಿದ್ದರೆ ಅಪ್ಪ ಅದಕ್ಕೂ ಬೇರೆ ಏನೋ ಹೇಳುತ್ತಿದ್ದ, ಅದೂ ನನಗೆ ಗೊತ್ತು. ಆ ವಾರವೇ ಕತ್ತಲೆ ಕೋಣೆಯಿಂದ ನೇಗಿಲು ಕುಂಟೆ ಹೊರಗೆ ಬಂದವು, ಅವ್ವ ಮಣ್ಣು ಕಲಸಿ ಅಲ್ಲಿ ಒಲೆ ಹಾಕಿದಳು. ಹೊಸ ಒಲೆಯ ಹೊಗೆಗೆ ಹೋಗಲು ದಾರಿ ಇಲ್ಲದೆ ಪಡಸಾಲೆಗೆ ಬಂದು, ಪ್ರಪಂಚದ ನಕಾಶೆಯ ಒಂದು ಮಗ್ಗುಲು ಕಪ್ಪಾಗತೊಡಗಿತು.

ಎರಡು ಒಲೆಯ ಮನೆಯಲ್ಲಿ ಬದುಕುವುದೆಂದರೆ ಒಂದು ಕಿವಿಯನ್ನು ಯಾವಾಗಲೂ ಆಚೆ ಇಟ್ಟಿರುವುದು. ಆಚೆ ಒಗ್ಗರಣೆ ಚಟಪಟ ಎಂದರೆ ಅವ್ವ ಕೈ ನಿಲ್ಲಿಸಿ ಮೂಗರಳಿಸಿ ಎಷ್ಟು ಎಣ್ಣೆ ಎಂದು ಅಳೆಯುತ್ತಿದ್ದಳು. ಜೋಳದ ರಾಶಿಯ ಮೇಲೆ ಬೂದಿಯಿಂದ ಗೆರೆ ಎಳೆದಿಡುತ್ತಿದ್ದಳು, ಯಾರಾದರೂ ಕೈ ಹಾಕಿದರೆ ತಿಳಿಯಲಿ ಎಂದು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಗೂ ಗೆರೆ. ಒಮ್ಮೆ ಗುಬ್ಬಿ ಓಡಾಡಿ ಗೆರೆ ಅಳಿಸಿದ್ದಕ್ಕೆ ಎರಡು ದಿನ ಪಡಸಾಲೆಯಲ್ಲಿ ಮಾತಿಲ್ಲ. ಅಪ್ಪನ ಅನುಮಾನ ಅಷ್ಟರಲ್ಲಿ ಕಲ್ಲಿನಿಂದ ಹಗ್ಗಕ್ಕೆ ದಾಟಿತ್ತು: ನೆನೆದ ಹಗ್ಗ ಕುಗ್ಗುತ್ತದೆ, ಗುಡ್ಡ ಅಳೆಯುವಾಗ ಅಣ್ಣ ಅದನ್ನು ಬೇಕೆಂದೇ ನೆನೆಸಿದ್ದ ಎಂದು. ದೊಡ್ಡವ್ವನ ಜೋಳದ ರಾಶಿಗೆ ಮಾತ್ರ ಯಾವ ಗೆರೆಯೂ ಇರಲಿಲ್ಲ. ಅವಳ ಒಲೆಯ ಮುಂದೆ ಕೂತು ತಿಂದರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ನನಗೆ ಹೇಳಿದ್ದ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಹೋಗಲಾರದೆ ನಾನು ದೊಡ್ಡವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಕೂರುತ್ತಿದ್ದೆ. ದುಃಖ, ಅಪ್ಪನ ಮೇಲೆ ಸಿಟ್ಟು ಎರಡೂ ಆಗುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ: ದೊಡ್ಡಪ್ಪ ಕಲ್ಲು ಸರಿಸಿಲ್ಲ ಎಂದು ತೀರ್ಮಾನವಾಗಿ ನಾನು ಆ ಒಲೆಯ ಮುಂದೆ ಮತ್ತೆ ಕೂರಬೇಕು.

ನಾನು ಸಂಡೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗತೊಡಗಿದ್ದ ವರ್ಷ ಅದು. ಭೂಗೋಳ ಕಲಿಸುವವರು ಕಂಪ್ಲಿಯ ಅಕ್ಕಿಗಿರಣಿಯವರ ಮಗಳು. ಅವರನ್ನು ನಾವು ಕಂಪ್ಲಿ ಟೀಚರ್ ಎನ್ನುತ್ತಿದ್ದೆವು. ಒಂದು ದಿನ ಅವರು ಮೇಜಿನ ಮೇಲೆ ಗೋಲ ಇಟ್ಟು, ಹಿಂದೆ ಪ್ರಪಂಚದ ನಕಾಶೆ ತೂಗುಹಾಕಿ, ಗ್ರೀನ್‌ಲ್ಯಾಂಡ್ ದೊಡ್ಡದೋ ಭಾರತ ದೊಡ್ಡದೋ ಎಂದು ಕೇಳಿದರು. ಮನೆಯಲ್ಲಿ ದಿನಾ ನೋಡುವ ನಾನು ಎಲ್ಲರಿಗಿಂತ ಮೊದಲು ಕೈಯೆತ್ತಿ ಗ್ರೀನ್‌ಲ್ಯಾಂಡ್ ಎಂದೆ. ಟೀಚರ್ ಗೋಲ ತಿರುಗಿಸಿ ಎರಡನ್ನೂ ತೋರಿಸಿದರು. ಗ್ರೀನ್‌ಲ್ಯಾಂಡ್ ನಮ್ಮ ದೇಶಕ್ಕಿಂತ ಚಿಕ್ಕದಾಗಿತ್ತು. ಆಫ್ರಿಕಾದ ಹತ್ತಿರ ಇಟ್ಟರೆ ಒಂದು ತುಂಡು. ಅಪ್ಪ ಹೇಳುತ್ತಿದ್ದ "ಏನೋ ಐತಿ ಅಲ್ಲಿ" ಎಂಬ ಮಾತು ನೆನಪಾಗಿ ನನಗೆ ಮೈ ಜುಮ್ಮೆಂದಿತು.

ಟೀಚರ್ ಬಿಡಿಸಿ ಹೇಳಿದರು. ಗೋಲದ ಮೇಲೆ ಮೇಲಿನಿಂದ ಕೆಳಗಿನ ಗೆರೆಗಳೆಲ್ಲ ಧ್ರುವದಲ್ಲಿ ಹೋಗಿ ಕೂಡುತ್ತವೆ. ನಮ್ಮ ಗೋಡೆಯ ನಕಾಶೆಯಲ್ಲಿ ಅವು ಕೂಡುವುದೇ ಇಲ್ಲ, ಕಂಬದಂತೆ ನೆಟ್ಟಗೆ ನಿಂತಿವೆ. ಹಾಗೆ ನಿಲ್ಲಿಸಬೇಕೆಂದರೆ ಧ್ರುವದ ಕಡೆಯ ನೆಲವನ್ನು ಅಗಲಕ್ಕೆ ಎಳೆಯಬೇಕು. ಅಗಲಕ್ಕೆ ಎಳೆದಷ್ಟೇ ಉದ್ದಕ್ಕೂ ಎಳೆದರೆ ಆಕಾರ ಕೆಡುವುದಿಲ್ಲ, ದಿಕ್ಕು ತಪ್ಪುವುದಿಲ್ಲ. ಹಡಗಿನವರಿಗೆ ಬೇಕಾದದ್ದು ದಿಕ್ಕು, ಅದಕ್ಕೆ ಅವರು ಅಳತೆಯನ್ನು ಬಿಟ್ಟುಕೊಟ್ಟರು. ಅಳತೆಯನ್ನು ಸರಿಯಾಗಿ ಉಳಿಸುವ ನಕಾಶೆಗಳೂ ಇವೆ, ಅವುಗಳಲ್ಲಿ ಆಕಾರ ಜಗ್ಗಿಹೋಗುತ್ತದೆ.

"ದುಂಡಗಿರೋದನ್ನ ಚಪ್ಪಟೆ ಮಾಡ್ಬೇಕಂದ್ರ ಏನಾರ ಒಂದು ಕೆಡಸಲೇಬೇಕು. ಯಾವುದು ಉಳಿಸಬೇಕು, ಯಾವುದು ಕೆಡಸಬೇಕು ಅಂತ ನಕಾಶಿ ಬರದವರು ಮೊದ್ಲೇ ಆರಿಸ್ಕೊಂಡಿರ್ತಾರ. ನಾವು ಅದನ್ನ ಕೇಳಿ ತಿಳ್ಕೋಬೇಕು."

ಮನೆಗೆ ಬಂದು ಅವ್ವನ ರೊಟ್ಟಿಯ ಹಿಟ್ಟಿನ ಉಂಡೆಯೊಂದಕ್ಕೆ ಸುತ್ತಲೂ ಒತ್ತೊತ್ತಾಗಿ ಎಳ್ಳು ಒತ್ತಿದೆ. ಹಬ್ಬ ಇಲ್ಲ ಹುಣ್ಣಿಮಿ ಇಲ್ಲ, ಎಳ್ಳು ಯಾಕ ಹಾಳು ಮಾಡ್ತಿ ಎಂದು ಅವ್ವ ಬೈದಳು. ಬೈಯುತ್ತಲೇ ಆ ಉಂಡೆಯನ್ನು ಬಡಿದಳು. ನಡುವಿನ ಎಳ್ಳು ಹೆಚ್ಚು ಕದಲಲಿಲ್ಲ. ಉಂಡೆಯ ಮಗ್ಗುಲಿಗೆ ಅಂಟಿದ್ದವು ರೊಟ್ಟಿ ಅಗಲವಾದಂತೆ ಒಂದರಿಂದೊಂದು ದೂರ ದೂರ ಹೋಗಿ, ಅಂಚು ಬಿರಿಯಿತು. ನಾನು ಬಿರುಕಿಗೆ ಬೆರಳಿಟ್ಟು ಗ್ರೀನ್‌ಲ್ಯಾಂಡ್ ಎಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ಮಾರನೆಯ ದಿನ ತರಗತಿ ಮುಗಿದ ಮೇಲೆ ಟೀಚರ್ ಹಿಂದೆಯೇ ಹೋದೆ.

"ಟೀಚರ್, ಹಂಗಂದ್ರ ನಮ್ಮ ಹೊಲದ ನಕಾಶಿನೂ ಕೆಡಿಸಿರ್ತಾರೇನ್ರಿ?"

"ಹೊಲ ಎಷ್ಟರದು? ಭೂಮಿ ದುಂಡಗಿರೋದು ಅಷ್ಟು ಸಣ್ಣ ಜಾಗದಾಗ ಗೊತ್ತೇ ಆಗಂಗಿಲ್ಲ. ಅದೇನು ಕೆಡಂಗಿಲ್ಲ ತಗೋ."

ನನ್ನ ಮುಖ ಬಾಡಿದ್ದು ಅವರಿಗೆ ಕಂಡಿರಬೇಕು. ಯಾಕೆ ಕೇಳಿದಿ ಎಂದರು. ನಾನು ಹಗ್ಗ, ಕಲ್ಲು, ಕಡ್ಡಿ, ಎರಡು ಒಲೆ ಎಲ್ಲವನ್ನೂ ಹೇಳಿದ ಮೇಲೆ ಅವರು ನಿಂತುಬಿಟ್ಟರು.

"ನಿಮ್ಮ ಪಾಲು ಮಟ್ಟಸ ಐತೇನು?"

"ಇಲ್ರಿ. ಗುಡ್ಡದ ಮ್ಯಾಲ ಹತ್ತತತಿ."

"ಹಗ್ಗ ಹೆಂಗ ಹಿಡಿದಿದ್ರು?"

"ನೆಲಕ್ಕ ಹಾಸಿ ಹಿಡಿದಿದ್ರಂತರಿ."

ಅವರು ಶಾಲೆಯ ಗೋಡೆಗೆ ಒರಗಿಸಿದ್ದ ಏಣಿಯನ್ನು ತೋರಿಸಿದರು. ನಡುಮಧ್ಯಾಹ್ನ ಆ ಏಣಿಯ ನೆರಳು ಏಣಿಯಷ್ಟು ಉದ್ದ ಇರುತ್ತದೇನು ಎಂದು ಕೇಳಿದರು. ಇರುವುದಿಲ್ಲ. ನಕಾಶೆ ಎಂದರೆ ನೆತ್ತಿಯ ಮೇಲಿನಿಂದ ನೇರ ಕೆಳಗೆ ಬಿದ್ದ ನೆರಳಿದ್ದಂತೆ. ನೆಲ ಎಷ್ಟು ಏರಿದರೂ ಇಳಿದರೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಡ್ಡದ ಮೈಮೇಲೆ ಹಾಸಿದ ಹಗ್ಗಕ್ಕೆ ಹೊಲ ಉದ್ದ, ನಕಾಶೆಗೆ ಗಿಡ್ಡ. ಸರಪಳಿಯನ್ನು ಎದೆಮಟ್ಟಕ್ಕೆ ಎತ್ತಿ ದಾರ ಇಳಿಬಿಟ್ಟದ್ದು ಆಗ ನನಗೆ ಅರ್ಥವಾಯಿತು. ಹಗ್ಗ ಸುಳ್ಳು ಹೇಳಿರಲಿಲ್ಲ, ನಕಾಶೆಯೂ ಹೇಳಿರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡವರು ನಮ್ಮವರು. ಬಸ್ಸಿನಲ್ಲಿ ಬರುವಾಗ ನನಗೆ ಕೂರಲಾಗಲಿಲ್ಲ, ಸೀಟಿದ್ದರೂ ನಿಂತೇ ಬಂದೆ.

ಅಪ್ಪನಿಗೆ ರಜೆ ಇದ್ದ ದಿನ, ಬೇಸಿಗೆಯ ನಡುಹಗಲು, ಹಿತ್ತಿಲಿಗೆ ಕರೆದೆ. ಮಾಳಿಗೆಗೆ ಹತ್ತುವ ಏಣಿ ಗೋಡೆಗೆ ಒರಗಿತ್ತು, ಸೂರ್ಯ ನೆತ್ತಿಯ ಮೇಲಿದ್ದ. ಬಾವಿಯ ಹಗ್ಗದಿಂದ ಏಣಿಯನ್ನು ಅಳೆದು ಗಂಟು ಹಾಕು ಎಂದೆ. ಹಾಕಿದ. ಅದೇ ಹಗ್ಗದಿಂದ ನೆರಳನ್ನು ಅಳೆ ಎಂದೆ. ಗಂಟು ನೆರಳಿನ ಆಚೆ ಹೋಗಿ ಬಿತ್ತು.

"ಅಪ್ಪಾ, ಏಣಿ ಅಂದ್ರ ನಮ್ಮ ಹೊಲ. ನೆರಳು ಅಂದ್ರ ನಕಾಶಿ."

ಅಪ್ಪ ಏಣಿಯ ಬುಡವನ್ನು ಗೋಡೆಯ ಕಡೆಗೆ ತಳ್ಳಿ ಇನ್ನಷ್ಟು ಕಡಿದು ಮಾಡಿದ. ನೆರಳು ಇನ್ನೂ ಗಿಡ್ಡವಾಯಿತು. ಆಮೇಲೆ ಏಣಿಯನ್ನು ಎರಡು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಿದ. ಈಗ ಗಂಟು ಸರಿಯಾಗಿ ನೆರಳಿನ ತುದಿಗೆ ಬಂತು. ಇದು ದೊಡ್ಡಪ್ಪನ ಹೊಲ ಎಂದೆ. ಅವನು ಆಕಾಶದ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದ, ಸೂರ್ಯನೂ ಅಣ್ಣನ ಕಡೆ ಸೇರಿರಬಹುದು ಎಂಬಂತೆ. ಮತ್ತೆ ಏಣಿ ಒರಗಿಸಿದ, ಮತ್ತೆ ಅಳೆದ, ಮತ್ತೆ ಮಲಗಿಸಿದ. ಬೆವರು ಅವನ ಕಿವಿಯ ಸಂದಿನಿಂದ ಕೆಂಪಗೆ ಇಳಿಯುತ್ತಿತ್ತು. ಕೊನೆಗೆ ಒರಳುಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

"ಅಂದ್ರ ಕಲ್ಲು ಅವ ಸರಿಸಿಲ್ಲ."

ಸಂತೋಷಕ್ಕೆ ನಾನು ಎರಡೆರಡು ಸಲ ಹೂಂ ಎಂದೆ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಬೀಡಿ ಎಳೆಯುತ್ತಾ ಏಣಿಯನ್ನೇ ನೋಡುತ್ತಿದ್ದ. ಅವನ ಕಣ್ಣು ಬರಬರುತ್ತಾ ಸಣ್ಣದಾಯಿತು, ಹಾಲಿನವನನ್ನು ನೋಡುವಾಗ ಆಗುತ್ತಿದ್ದ ಹಾಗೆ.

"ಅಂದ್ರ ಅವನಿಗೆ ಮೊದ್ಲೇ ಗೊತ್ತಿತ್ತು."

"ಏನು ಗೊತ್ತಿತ್ತಪ್ಪಾ?"

"ಗುಡ್ಡದ ಹೊಲ ಕಾಗದದಾಗ ಕಮ್ಮಿ ಬರ್ತತಿ ಅಂತ. ಅದಕ್ಕ ಕೆಳಗಿನದು ತಗೋ ತಮ್ಮಾ ಅಂದ. ಅವ ತಗೋ ಅಂದದ್ದು ನಾ ತಗಳಂಗಿಲ್ಲ ಅಂತ ಅವನಿಗಿಂತ ಚೆಂದ ಯಾರಿಗೆ ಗೊತ್ತು?"

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಆಯಿತು. ಒಂದು ಅನುಮಾನವನ್ನು ಬುಡಸಮೇತ ಕಿತ್ತು ಕೈಗೆ ಕೊಟ್ಟರೆ ಅವನು ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಟ್ಟಿದ್ದ. ಹೊಸದು ಹಳೆಯದಕ್ಕಿಂತ ಗಟ್ಟಿಯಾಗಿತ್ತು. ಇದನ್ನು ಅಳೆಯಲು ಯಾವ ಏಣಿಯೂ ಇರಲಿಲ್ಲ. ಆಗ ನಾನು ಕಾಲು ಮುರಿಯುವ ಮಾತನ್ನು ಮರೆತೆನೋ, ಮುರಿದರೆ ಮುರಿಯಲಿ ಎಂದುಕೊಂಡೆನೋ, ಸೀದಾ ಒಳಗೆ ಹೋಗಿ ಪಡಸಾಲೆ ದಾಟಿದೆ. ಅಪ್ಪ ಹಿಂದಿನಿಂದ ಕೂಗಲಿಲ್ಲ.

ದೊಡ್ಡಪ್ಪ ಹೊಲದಿಂದ ಬಂದು ಉಣ್ಣುತ್ತಿದ್ದ. ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಅವಳ ಕೈ ನಿಂತಿತು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಹಗ್ಗ, ನೆರಳು, ಸರಪಳಿಯನ್ನು ಎತ್ತಿ ಹಿಡಿದದ್ದು, ಏಣಿ ಮಲಗಿಸಿದಾಗ ಗಂಟು ಸರಿಹೋದದ್ದು. ಅಪ್ಪನ ಕೊನೆಯ ಮಾತನ್ನು ಮಾತ್ರ ಹೇಳಲಿಲ್ಲ. ದೊಡ್ಡಪ್ಪ ತುತ್ತು ಅಗಿಯುತ್ತಾ ಪೂರ್ತಿ ಕೇಳಿದ.

"ಕಲ್ಲು ಸರಿಸಿಲ್ಲಂತ ನಾ ಹೇಳಿದ್ದೆ, ಅದು ಸಾಲಲಿಲ್ಲ. ಏಣಿ ಹೇಳಬೇಕಾತು."

ಸಿಟ್ಟಿನಿಂದ ಹೇಳಲಿಲ್ಲ. ತಾಟು ಖಾಲಿ ಮಾಡಿ, ಬಚ್ಚಲಲ್ಲಿ ಕೈ ತೊಳೆದು, ಟವಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟುಹೋದ. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ನನ್ನ ಹಳೆಯ ಜಾಗದಲ್ಲಿ ಕೂತೆ. ದೊಡ್ಡವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಸವರಿ, ಅದು ಉಬ್ಬಿದ ಮೇಲೆ ಕೇಳಿದಳು.

"ನೀಲಿ, ಏಣಿ ನೆರಳು ಬ್ಯಾರೆ ಬಿದ್ದಿದ್ರ? ಇವತ್ತು ನೀ ಇಲ್ಲಿ ಬರ್ತಿದ್ದೇನು?"

"ಬರ್ತಿದ್ದೆ ದೊಡ್ಡವ್ವಾ."

ನಿಜವನ್ನೇ ಹೇಳಿದೆ. ದೊಡ್ಡಪ್ಪ ಕಲ್ಲು ಸರಿಸಿದ್ದರೂ, ಗುಡ್ಡವನ್ನೇ ಹೊತ್ತುಕೊಂಡು ಹೋಗಿದ್ದರೂ ನಾನು ಬರುತ್ತಿದ್ದೆ. ನನಗೆ ಯಾವ ಹೊಲವೂ ಬೇಕಿರಲಿಲ್ಲ. ದೊಡ್ಡವ್ವ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನು ನೋಡಿದಳು, ಮೊದಲು ಕಣ್ಣು, ಆಮೇಲೆ ಬಾಯಿ, ಮತ್ತೆ ಕಣ್ಣು.

"ಖರೇನಾ?" ಎಂದಳು.

ಅದುವರೆಗೆ ನನ್ನ ಯಾವ ಮಾತಿಗೂ ಅವಳು ಹಾಗೆ ಕೇಳಿರಲಿಲ್ಲ. ಖರೇ ಎಂದೆ. ಅವಳು ತಲೆಯಾಡಿಸಿ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ನಾನು ಮೊದಲ ತುತ್ತು ಮುರಿದು ಬಾಯಿಗಿಟ್ಟು ತಲೆಯೆತ್ತಿದಾಗ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.